ಡಬ್ಬದ ಮೇಸ್ತ್ರಿಯ ಫ್ರೆಂಚ್ ಪೆಟ್ಟು

ಡಬ್ಬದ ಮೇಸ್ತ್ರಿಯ ಮನೆಯಲ್ಲಿ ಯಾರೂ ಯಾರ ಮಾತನ್ನೂ ಕೊನೆಯವರೆಗೆ ಕೇಳಿದ್ದಿಲ್ಲ. ಹಾಗೆಂದು ಅವರನ್ನು ಸೊಕ್ಕಿನವರೆಂದೋ ಜಗಳಗಂಟರೆಂದೋ ತಿಳಿದರೆ ತಪ್ಪಾದೀತು. ಕೇಳುವ ಮನಸ್ಸು ಎಲ್ಲರಿಗೂ ಇತ್ತು, ಕಿವಿಗಳೂ ನೆಟ್ಟಗಿದ್ದವು. ಇಲ್ಲದ್ದು ಜಾಗ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ತಗಡಿನ ಗೋಡೆ. ತಗಡಿನ ಕೆಲಸದವನ ಮನೆಗೆ ಬೇರೆ ಯಾವ ಗೋಡೆ ಬಂದೀತು? ಮೇಸ್ತ್ರಿ ಬೆಳಿಗ್ಗೆ ಎಂಟಕ್ಕೆ ಕಬ್ಬಿಣದ ದಿಮ್ಮಿಯ ಮುಂದೆ ಕೂತರೆ ಸಂಜೆಯವರೆಗೆ ಟ್ರಂಕು, ಡಬ್ಬ, ಬಕೆಟ್ಟು, ಲಾಳಿಕೆ ಎಂದು ಬಡಿಯುತ್ತಲೇ ಇರುತ್ತಿದ್ದ. ಅವನ ಸುತ್ತಿಗೆಗೆ ಒಂದು ನಡೆ ಇತ್ತು. ಮೊದಲು ಒಂದು ದೊಡ್ಡ ಪೆಟ್ಟು, ಅದರ ಬೆನ್ನಿಗೆ ಎರಡು ಸಣ್ಣವು. ಠಣ್, ಟಿಕ್, ಟಿಕ್. ಮೂಲೆಯನ್ನು ಕೂರಿಸಲು ದೊಡ್ಡದು, ಕೂತದ್ದನ್ನು ಸಮಾಧಾನಪಡಿಸಲು ಸಣ್ಣವು ಎಂದು ಅವನೇ ಹೇಳುತ್ತಿದ್ದ. ಎರಡನೆಯ ಟಿಕ್‌ಗೂ ಮುಂದಿನ ಠಣ್‌ಗೂ ನಡುವೆ ಉಳಿಯುತ್ತಿದ್ದುದು ಒಂದು, ಹೆಚ್ಚೆಂದರೆ ಒಂದೂವರೆ ಅಕ್ಷರ ಹಿಡಿಸುವಷ್ಟು ಸಂದು. ಆ ಮನೆಯವರು ಇಪ್ಪತ್ತೇಳು ವರ್ಷಗಳಿಂದ ಆ ಸಂದಿಯಲ್ಲೇ ಸಂಸಾರ ಮಾಡಿದ್ದರು.

ಮೇಸ್ತ್ರಿಯ ಹೆಂಡತಿ ಒಳಗಿನಿಂದ "ಊ" ಎಂದು ಕೂಗುತ್ತಿದ್ದಳು. ಉಳಿದದ್ದು ಸುತ್ತಿಗೆಯ ಪಾಲು. ಊಟ ಎಂದು ತಿಳಿದು ಗಂಡ ಕೈ ತೊಳೆಯುತ್ತಿದ್ದ. "ನೀ" ಎಂದರೆ ನೀರು ಬಂದಿದೆ, "ಗ್ಯಾ" ಎಂದರೆ ಗ್ಯಾಸ್ ಮುಗಿದಿದೆ. ಮೊದಲ ಅಕ್ಷರವನ್ನು ಗಂಟಲು ಹರಿಯುವಂತೆ ಎಸೆಯುವುದು, ಉಳಿದದ್ದನ್ನು ತುಟಿಯೊಳಗೇ ನುಂಗುವುದು. ಹೇಗೂ ಕೇಳುವುದಿಲ್ಲವಲ್ಲ, ಸುಮ್ಮನೆ ಉಸಿರು ಯಾಕೆ ಖರ್ಚು ಮಾಡಬೇಕು? ಕೇಳಿಸಿಕೊಂಡವರು "ಹೂಂ" ಎಂದರೆ ಮಾತು ಮುಗಿಯಿತು.

ಹೂಂಗುಟ್ಟುವುದರಲ್ಲಿ ಎಲ್ಲರನ್ನೂ ಮೀರಿಸಿದವನು ಮೇಸ್ತ್ರಿಯ ಭಾವಮೈದ, ಹೆಂಡತಿಯ ತಮ್ಮ. ಐವತ್ತರ ಗಡಿಯಲ್ಲಿದ್ದ ಒಂಟಿ ಮನುಷ್ಯ. ಹನ್ನೊಂದು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಚೀಲ ಹಿಡಿದು ಬಂದು ಅಂಗಡಿಯ ಬಾಗಿಲಲ್ಲಿ ನಿಂತು ಏನೋ ಹೇಳಿದ. ಮೇಸ್ತ್ರಿ ಬಡಿಯುತ್ತಲೇ ತಲೆಯಾಡಿಸಿ ಅವನ ಕೈಗೆ ತಗಡಿನ ಕತ್ತರಿ ಕೊಟ್ಟ. ಅಂದಿನಿಂದ ಅವನು ಕತ್ತರಿಸುತ್ತಲೇ ಇದ್ದ. ಅಂಗಡಿಯಲ್ಲಿ ಅವನಿಗೆ ಇದ್ದದ್ದು ಒಂದೇ ಕಾನೂನು: ಮೇಸ್ತ್ರಿ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅಲ್ಲಿ ಕತ್ತರಿಸಬೇಕು, ಯಾಕೆ ಎಂದು ಕೇಳಬಾರದು. ಕೇಳಿದರೂ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮೇಸ್ತ್ರಿಯ ಮಗಳು ಅವನನ್ನು ಹೂಂ ಮಾಮ ಎಂದು ಕರೆಯುತ್ತಿದ್ದಳು.

ಮಗಳಿಗೆ ಇಪ್ಪತ್ಮೂರು ವರ್ಷ, ಮ್ಯೂಸಿಯಂನಲ್ಲಿ ಟಿಕೆಟ್ ಹರಿಯುವ ಕೆಲಸ. ಹರಿದೂ ಹರಿದೂ ಅವಳಿಗೆ ಬೇಸರ ಬಂದಿತ್ತು. ಬಾಗಿಲ ಬಳಿ ನಿಂತು ಎಲ್ಲರನ್ನೂ ಒಳಗೆ ಕಳಿಸುವ ಅವಳು, ಒಳಗಿರುವ ಮೂರ್ತಿ, ನಾಣ್ಯ, ಕತ್ತಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಆಸೆಪಟ್ಟಳು. ಗೈಡ್ ಆಗಲು ಇನ್ನೊಂದು ಭಾಷೆ ಬರಬೇಕು ಎಂದರು. ಫ್ರೆಂಚ್ ತರಗತಿಗೆ ಸೇರಿದಳು. ಬರೆಯುವ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆರಡು. ಗಟ್ಟಿಯಾಗಿ ಓದುವ ಪರೀಕ್ಷೆಯಲ್ಲಿ ಹನ್ನೊಂದು. ಎರಡನೆಯ ಸಲ ಕೂತಳು, ಒಂಬತ್ತು. ಮೂರನೆಯದೇ ಕೊನೆಯ ಅವಕಾಶ, ಅದರಲ್ಲೂ ಹೋದರೆ ಬದುಕಿಡೀ ಟಿಕೆಟ್ ಹರಿಯಬೇಕು ಎಂದು ಮ್ಯೂಸಿಯಂನವರು ಮುಖದ ಮೇಲೆ ಹೊಡೆದಂತೆ ಹೇಳಿದ್ದರು.

ಎರಡನೆಯ ಸಲದ ಫಲಿತಾಂಶದ ಜೊತೆ ಪರೀಕ್ಷಕಿ ಬರೆದ ಒಂದು ಚೀಟಿ ಬಂತು. ಮಗಳು ಅದನ್ನು ಕನ್ನಡ ಮಾಡಿ ಅಮ್ಮನಿಗೆ ತೋರಿಸಲೆಂದು ಒಂದು ಹಾಳೆಯಲ್ಲಿ ಬರೆದಿಟ್ಟು ಮಲಗಲು ಹೋದಳು. ಹಗಲು ಹೊತ್ತಿನಲ್ಲಿ ಮಲಗುವ ಹುಡುಗಿಯಲ್ಲ ಅವಳು. ಮೇಸ್ತ್ರಿ ನೀರು ಕುಡಿಯಲು ಒಳಗೆ ಬಂದವನು ಹಾಳೆ ಓದಿದ. "ಅಭ್ಯರ್ಥಿಯು ಪ್ರತಿ ಪದದ ತಲೆಯನ್ನು ಬಡಿಯುತ್ತಾಳೆ. ಆಮೇಲೆ ಪದ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ."

ಮೇಸ್ತ್ರಿ ಲೋಟ ಕೆಳಗಿಡಲಿಲ್ಲ. ಬಡಿಯುತ್ತಾಳೆ ಎನ್ನುವ ಮಾತನ್ನೇ ಮೂರು ಸಲ ಓದಿದ. ಪರೀಕ್ಷಕಿ ತನ್ನ ಅಂಗಡಿಯ ಮುಂದೆ ಹಾದುಹೋಗಿದ್ದಾಳೇನೋ ಎಂದು ಕೂಡ ಒಂದು ಕ್ಷಣ ಅನಿಸಿತು. ಠಣ್, ಟಿಕ್, ಟಿಕ್. ಮಗಳ ಬಾಯಲ್ಲಿ ಕೂತು ಬಡಿಯುತ್ತಿರುವವನು ತಾನೇ ಎಂದು ಅರ್ಥವಾದಾಗ ಅವನಿಗೆ ಸಂಕಟವಾಯಿತು. ಇಪ್ಪತ್ತೇಳು ವರ್ಷ ಬಡಿದು ಹೊಟ್ಟೆ ಹೊರೆದೆ ಎಂದುಕೊಂಡಿದ್ದವನು, ಹೊಟ್ಟೆಗೆ ಹಾಕಿದ್ದನ್ನು ಗಂಟಲಿನಿಂದ ಕಿತ್ತುಕೊಂಡೆ ಎಂದು ನೊಂದುಕೊಂಡ.

ಹೋಗಿ ಸುತ್ತಿಗೆಯನ್ನು ಮೊಳೆಗೆ ತಗುಲಿಹಾಕಿದ. ಪರೀಕ್ಷೆಗೆ ಏಳು ವಾರ ಇತ್ತು. ಅಲ್ಲಿಯವರೆಗೆ ಸದ್ದೇ ಬೇಡ, ಮನೆಯಲ್ಲಿ ಮೌನವಿದ್ದರೆ ಮಗಳ ನಾಲಿಗೆ ತಾನಾಗಿ ಸರಿಹೋದೀತು ಎನ್ನುವುದು ಅವನ ಲೆಕ್ಕಾಚಾರ.

ಮೌನದ ಮೊದಲ ದಿನವೇ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು ಮುಖ ಸಣ್ಣ ಮಾಡಿಕೊಂಡು ಬಂದು ನಿಂತ.

"ಏನ್ ಮೇಸ್ತ್ರಿ, ಮನೇಲಿ ಎಲ್ರೂ ಇದಾರಲ್ವಾ?"

"ಇದಾರೆ. ಯಾಕೆ?"

"ಸದ್ದಿಲ್ಲ ಅಂತ ಕೇಳ್ದೆ. ಹದಿನಾರು ವರ್ಷದಲ್ಲಿ ಮೊದಲ್ನೇ ಸಲ ನನ್ನ ಗಡಿಯಾರಗಳ ಸದ್ದು ನಂಗೇ ಕೇಳಿಸ್ತು. ಒಂದಕ್ಕೊಂದು ಹೊಂದಾಣಿಕೇನೇ ಇಲ್ಲ ಮೇಸ್ತ್ರಿ. ನಾಚಿಕೆಯಾಯ್ತು. ನೀವು ಶುರು ಮಾಡಿ."

ಎರಡನೆಯ ದಿನ ಹೆಂಡತಿ ಅಡುಗೆಮನೆಯಿಂದ "ಊ" ಎಂದು ಎಂದಿನಂತೆ ಎಸೆದಳು. ಸದ್ದಿಲ್ಲದ ಮನೆಯಲ್ಲಿ ಅದು ಬಾಂಬು ಬಿದ್ದಂತೆ ಬಿತ್ತು. ಹೂಂ ಮಾಮ ಬೆಚ್ಚಿ ಕತ್ತರಿ ಕೈಬಿಟ್ಟ. ಆದರೆ ವಿಚಿತ್ರವೆಂದರೆ "ಊ" ಆದಮೇಲೆ ಈಗಲೂ ಏನೂ ಕೇಳಲಿಲ್ಲ. ಅವಳ ತುಟಿ ಮಾತ್ರ ಆಡುತ್ತಿತ್ತು. ಮಗಳೂ ಅಷ್ಟೇ; ಪುಸ್ತಕ ಹಿಡಿದು ಕೂತು ಪ್ರತಿ ಪದದ ತಲೆಯನ್ನು ಗುಂಡು ಕಲ್ಲಿನಂತೆ ಎಸೆದು ಬಾಲವನ್ನು ನುಂಗುತ್ತಿದ್ದಳು. ಸುತ್ತಿಗೆ ಮೊಳೆಗೆ ನೇತಾಡುತ್ತಿದ್ದರೂ ಅವರೆಲ್ಲರ ಗಂಟಲಲ್ಲಿ ಅದು ಹಾಜರಿತ್ತು.

ಮೂರನೆಯ ದಿನ ಮೇಸ್ತ್ರಿ ಸೋತು ಮಗಳ ಪಕ್ಕ ಕೂತ.

"ನೋಡೋಣ, ಅದೇನು ಹೇಳ್ತಾರೆ ಆ ಪುಸ್ತಕದಲ್ಲಿ. ನಂಗೂ ಹೇಳು."

"ನಿಂಗ್ಯಾಕಪ್ಪ?"

"ಕೆಡಿಸಿದವನು ನಾನು. ರಿಪೇರಿ ಯಾರು ಮಾಡ್ಬೇಕು? ಗಡಿಯಾರದವನಾ?"

ಮಗಳು ಹೇಳಿಕೊಟ್ಟಳು. ಫ್ರೆಂಚರ ಪದವನ್ನು ಮೊದಲು ತುಂಡು ಮಾಡಬೇಕು. ಎರಡು ಸ್ವರಗಳ ನಡುವೆ ಒಂದು ವ್ಯಂಜನ ಸಿಕ್ಕರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ: ಶೊ, ಕೊ, ಲಾ. ಎರಡು ಸಿಕ್ಕರೆ ಸಾಮಾನ್ಯವಾಗಿ ಒಂದು ಹಿಂದೆ, ಒಂದು ಮುಂದೆ: ಪಾರ್, ತೀರ್. ಎರಡನೆಯದು ಲಕಾರವೋ ರಕಾರವೋ ಆಗಿದ್ದರೆ ಮಾತ್ರ ಸಾಧಾರಣವಾಗಿ ಜೋಡಿಯನ್ನು ಬಿಡಿಸಬಾರದು: ತಾ, ಬ್ಲೋ. ಹೀಗೆ ತುಂಡು ಮಾಡಿದ ಮೇಲೆ ಎಲ್ಲ ತುಂಡುಗಳನ್ನೂ ಒಂದೇ ಸಮನಾಗಿ ನುಡಿದು, ಕೊನೆಯದಕ್ಕೆ ಮಾತ್ರ ಸ್ವಲ್ಪ ಭಾರ ಹಾಕಬೇಕು.

"ಕೊನೇದಕ್ಕಾ?" ಮೇಸ್ತ್ರಿಗೆ ನಂಬಿಕೆ ಬರಲಿಲ್ಲ.

"ಯಾವಾಗ್ಲೂ ಕೊನೇದಕ್ಕೆ."

ಮೇಸ್ತ್ರಿಗೆ ಶಾಲೆ ನೆನಪಾಯಿತು. ಪದ್ಯದ ಸಾಲಿನ ತಲೆಯ ಮೇಲೆ ಲಘು, ಗುರು ಎಂದು ಗುರುತು ಹಾಕಿಸುತ್ತಿದ್ದ ಮೇಷ್ಟರು, ಗುರು ಬರುವ ಕಡೆಯೆಲ್ಲ ಲಘು ಹಾಕಿ ಬೆಂಚಿನ ಮೇಲೆ ನಿಂತ ತಾನು. ಅಂದಿನಿಂದ ಅವನು ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಈ ಫ್ರೆಂಚರ ಶಾಲೆಯಲ್ಲಿ ಹುಟ್ಟಿದ್ದರೆ ಕಣ್ಣು ಮುಚ್ಚಿಕೊಂಡು ಕೊನೆಯಲ್ಲಿ ಒಂದು ಗುರು ಎಳೆದು ಪಾಸಾಗುತ್ತಿದ್ದೆನಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ಉತ್ಸಾಹ ಬಂದರೆ ಮೇಸ್ತ್ರಿ ಕಾಗದ ಹುಡುಕುವವನಲ್ಲ. ಅಂಗಡಿಗೆ ಹೋಗಿ, ಗೋಡೆಗೆ ಒರಗಿಸಿದ್ದ ಹೊಸ ತಗಡಿನ ಮೇಲೆ ಸೀಮೆಸುಣ್ಣದಿಂದ ದಪ್ಪ ದಪ್ಪ ಕನ್ನಡ ಅಕ್ಷರಗಳಲ್ಲಿ ಮಗಳು ಹೇಳಿದ ಪದಗಳನ್ನೆಲ್ಲ ಬರೆದ. ಶೊಕೊಲಾ. ಕಾಮಾರಾದ್. ತಾಬ್ಲೋ. ಯುನಿವೆರ್ಸಿತೆ. ಮೂವತ್ತು ಪದವಾಯಿತು. ಆಮೇಲೆ ಮಗಳನ್ನು ಕೇಳಿ ಕೇಳಿ ತುಂಡಿಗೂ ತುಂಡಿಗೂ ನಡುವೆ ಗೆರೆ ಎಳೆದ. ನೀಟಾಗಿ, ಅಳತೆಪಟ್ಟಿ ಇಟ್ಟು. ಕೆಲಸ ಮುಗಿಸಿ ತೃಪ್ತಿಯಿಂದ ಕೈ ಒರೆಸಿಕೊಂಡು ಇಬ್ಬರೂ ಊಟಕ್ಕೆ ಹೋದರು.

ಬಂದು ನೋಡಿದರೆ ತಗಡು ಇರಲಿಲ್ಲ. ಹೂಂ ಮಾಮ ನೆಲದ ಮೇಲೆ ಕಾಲು ಚಾಚಿ ಕೂತು ಕೊನೆಯ ತುಂಡನ್ನು ಕತ್ತರಿಸುತ್ತಿದ್ದ. ಅವನ ಸುತ್ತ ನೂರು ಚೂರುಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ.

"ಏನಯ್ಯ ಮಾಡಿದೆ ಇದು?"

ಹೂಂ ಮಾಮ ತಲೆಯೆತ್ತಿ ಗೆರೆಯ ಕಡೆ ಕೈ ತೋರಿಸಿದ. ಗೆರೆ ಇತ್ತು, ಕತ್ತರಿಸಿದೆ. ಅವನ ಮುಖದಲ್ಲಿ ತಪ್ಪಿತಸ್ಥನ ಭಾವ ಲವಲೇಶವೂ ಇರಲಿಲ್ಲ. ಇರಬೇಕಾದ್ದೂ ಇಲ್ಲ, ಹನ್ನೊಂದು ವರ್ಷದಲ್ಲಿ ಆ ಅಂಗಡಿಯಲ್ಲಿ ಗೆರೆ ಎಂದರೆ ಬೇರೆ ಅರ್ಥ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಟ್ರಂಕಿನ ಮುಚ್ಚಳವಾಗಬೇಕಿದ್ದ ತಗಡು ಫ್ರೆಂಚ್ ಭಾಷೆಯಾಗಿ ನೆಲದ ಮೇಲೆ ಬಿದ್ದಿತ್ತು.

ಮೇಸ್ತ್ರಿ ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಮಗಳು ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ಹುಡುಕಿ ಹುಡುಕಿ ಸಾಲಾಗಿ ಇಡುತ್ತಿದ್ದಳು. ಯು. ನಿ. ವೆರ್. ಸಿ. ತೆ. ಅವಳು ಒಂದೊಂದು ಚೂರನ್ನೂ ಬೆರಳಲ್ಲಿ ಮುಟ್ಟಿ ನಿಧಾನವಾಗಿ ಓದಿದಳು. ಬೆರಳು ಕೊನೆಯ ಚೂರಿಗೆ ಬಂದಾಗಲೂ ಅಲ್ಲಿ ದನಿ ಉಳಿದಿತ್ತು. "ತೆ" ಎನ್ನುವುದು ಕೇಳಿಸಿತು. ಆ ಮನೆಯಲ್ಲಿ ಒಂದು ಪದದ ಐದನೆಯ ಅಕ್ಷರ ಕೇಳಿಸಿದ್ದು ಅದೇ ಮೊದಲು.

ಮೇಸ್ತ್ರಿ ಮೊಳೆಯಿಂದ ಸುತ್ತಿಗೆ ಇಳಿಸಿದ. ಚೂರುಗಳನ್ನು ದಿಮ್ಮಿಯ ಮೇಲೆ ಸಾಲಾಗಿಟ್ಟು, ಮೊದಲ ನಾಲ್ಕನ್ನು ಮೆಲ್ಲಗೆ ತಟ್ಟಿ, ಐದನೆಯದಕ್ಕೆ ಬಾರಿಸಿದ. ಟಿಕ್, ಟಿಕ್, ಟಿಕ್, ಟಿಕ್, ಠಣ್. "ತೆ" ಹಾರಿ ಹೋಗಿ ಸಕ್ಕರೆ ಡಬ್ಬದ ಹಿಂದೆ ಬಿತ್ತು.

"ಅಷ್ಟು ಜೋರಲ್ಲಪ್ಪ," ಎಂದಳು ಮಗಳು. "ಭಾರ ಅಂದ್ರೆ ಕಿರಿಚೋದಲ್ಲ. ಸ್ವಲ್ಪ ಎಳೆದು ನಿಲ್ಸೋದು ಅಷ್ಟೇ."

ಮೇಸ್ತ್ರಿ ಕಬ್ಬಿಣದ ಸುತ್ತಿಗೆ ಬಿಟ್ಟು ಮರದ್ದನ್ನು ಹಿಡಿದ. ಪಾಠ ಶುರುವಾಯಿತು.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ. ಮಗಳು ಓದುವಳು, ಅಪ್ಪ ಬಡಿಯುವನು. ಕಷ್ಟವಾದದ್ದು ಮಗಳಿಗಲ್ಲ, ಮೇಸ್ತ್ರಿಗೆ. ಅವನ ಕೈ ಇಪ್ಪತ್ತೇಳು ವರ್ಷ ದೊಡ್ಡ ಪೆಟ್ಟಿನಿಂದಲೇ ಶುರುಮಾಡಿದ ಕೈ. ಮೊದಲು ಸಣ್ಣದು ಎಂದು ತಲೆ ಹೇಳಿದರೆ ಭುಜ ಕೇಳುತ್ತಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಅಭ್ಯಾಸ ಮಾಡಿದ. ಎರಡು ವಾರಕ್ಕೆ ಬಂತು. ಬಂದದ್ದು ಎಷ್ಟು ಗಟ್ಟಿಯಾಗಿ ಬಂತೆಂದರೆ ಟ್ರಂಕು ಬಡಿಯುವಾಗಲೂ ಅದೇ ಆಯಿತು. ಟಿಕ್, ಟಿಕ್, ಠಣ್. ಮೊದಲೇ ಕೂರಬೇಕಾದ ಮೂಲೆ ಕೂರದೆ ಕೊನೆಯ ಪೆಟ್ಟಿಗೆ ಜಾರಿತು. ಆ ತಿಂಗಳು ಆ ಅಂಗಡಿಯಿಂದ ಹೊರಬಿದ್ದ ಟ್ರಂಕುಗಳೆಲ್ಲ ಎಡಕ್ಕೆ ವಾಲಿಕೊಂಡು, ಯಾರಿಗೋ ದಾರಿ ಬಿಡುವವರ ಹಾಗೆ ನಿಂತವು. ಕೊಂಡವರು ಕೇಳಿದರೆ ಹೊಸ ಮಾದರಿ ಎಂದು ಮೇಸ್ತ್ರಿ ಮುಖ ತಿರುಗಿಸಿಕೊಂಡು ಹೇಳುತ್ತಿದ್ದ.

ಒಂದು ದಿನ ಕಿಟಕಿಗೆ ಫ್ರೆಂಚರು ಹೇಳುವ ಪದ ಬಂತು. ಬರವಣಿಗೆಯಲ್ಲಿ ಮೂರು ತುಂಡು: ಫ, ನೆ, ತ್ರ. ಮೇಸ್ತ್ರಿ ಹುಮ್ಮಸ್ಸಿನಿಂದ "ತ್ರ"ದ ಮೇಲೆ ಬಾರಿಸಿದ. ಮಗಳು ತಲೆಯಾಡಿಸಿದಳು. ಕೊನೆಯ ಆ ಸ್ವರ ಬರೀ ಕಾಗದದ ಮೇಲಿರುತ್ತದೆ, ಬಾಯಲ್ಲಿ ಬರುವುದಿಲ್ಲ. ಭಾರ "ನೆ" ಮೇಲೆ.

"ಹೇಳ್ದೇ ಇರೋದನ್ನ ಬರೆಯೋದು ಯಾಕಂತೆ?" ಮೇಸ್ತ್ರಿಗೆ ರೇಗಿತು.

ಹೂಂ ಮಾಮ "ತ್ರ" ಇದ್ದ ಚೂರನ್ನು ತೆಗೆದುಕೊಂಡು "ನೆ"ಗೆ ಸೇರಿಸಿ, ಇಕ್ಕಳದಿಂದ ಅದರ ಅಂಚನ್ನು ಒಳಕ್ಕೆ ಮಡಚಿ ತಟ್ಟಿಕೊಟ್ಟ. ಡಬ್ಬದ ಬಾಯಿಯನ್ನು ಕೈ ಕೊಯ್ಯದ ಹಾಗೆ ಒಳಮಡಚುತ್ತಾರಲ್ಲ, ಹಾಗೆ. ಮೇಸ್ತ್ರಿಗೆ ಆ ಕ್ಷಣದಲ್ಲಿ ಫ್ರೆಂಚರ ಮೇಲೆ ಗೌರವ ಬಂತು. ತಗಡಿನ ಕೆಲಸ ಬಲ್ಲ ಜನ ಎಂದುಕೊಂಡ.

ಪರೀಕ್ಷೆಗೆ ಎರಡು ವಾರವಿದ್ದಾಗ ಮಗಳು ಪುಸ್ತಕ ಹಿಡಿದು ಬಂದು ಅಳುಮುಖ ಮಾಡಿ ನಿಂತಳು. ಮುಂದಿನ ಅಧ್ಯಾಯದಲ್ಲಿ ಎಲ್ಲ ತಲೆಕೆಳಗಾಗಿತ್ತು. ಪದ ಒಂಟಿಯಾಗಿದ್ದರೆ ಮಾತ್ರ ಅದರ ಕೊನೆಗೆ ಭಾರ. ನಾಲ್ಕು ಪದ ಸೇರಿ ಒಂದು ಉಸಿರಿನ ಗುಂಪಾದರೆ ಇಡೀ ಗುಂಪಿನ ಕೊನೆಯ ತುಂಡಿಗೆ ಮಾತ್ರ. ನಡುವಿನ ಪದಗಳಿಗೆ ಏನೂ ಇಲ್ಲ, ಅವು ಸುಮ್ಮನೆ ಸಾಲಿನಲ್ಲಿ ನಡೆಯಬೇಕು. ಸಾಲದ್ದಕ್ಕೆ ಒಂದು ಪದದ ಕೊನೆಯ ವ್ಯಂಜನ ಕೆಲವು ಸಲ ಎದ್ದು ಹೋಗಿ ಮುಂದಿನ ಪದದ ತೊಡೆಯ ಮೇಲೆ ಕೂರುತ್ತದೆ. ಲೆ ಎನ್ನುವುದೂ ಆಮಿ ಎನ್ನುವುದೂ ಪಕ್ಕಪಕ್ಕ ಬಂದರೆ, ಲೆ ಕೊನೆಯಲ್ಲಿ ಬರೆದೂ ಹೇಳದ ಸಕಾರ ಝಕಾರವಾಗಿ ಎದ್ದು ಲೆ, ಝಾ, ಮಿ.

"ಇಷ್ಟು ದಿನ ಪದಕ್ಕೊಂದು ಪೆಟ್ಟು ಹಾಕಿ ಕಲ್ತಿದೀನಿ," ಎಂದಳು. "ಈಗ ಓದಿದ್ರೆ ಕುಂಟೋ ಕುದುರೆ ಥರ ಕೇಳುತ್ತೆ."

ಮೇಸ್ತ್ರಿ ಯೋಚಿಸಿದ. "ಕತ್ತರಿಸಿದ್ದು ಆಯ್ತಲ್ಲ. ಇನ್ನು ಬೆಸುಗೆ," ಎಂದ.

ಹೂಂ ಮಾಮ ಬೆಸುಗೆ ಕಡ್ಡಿ ಕಾಯಿಸಿದ. ಮಗಳು ಚೂರುಗಳನ್ನು ಸಾಲು ಮಾಡಿಕೊಟ್ಟ ಹಾಗೆ ಅವನು ಬೆಸೆಯುತ್ತ ಹೋದ. ವ್ಯಂಜನ ಪಕ್ಕದ ಮನೆಗೆ ಹೋಗುವ ಕಡೆ ಬರೀ ಬೆಸುಗೆ ಸಾಲದು ಎಂದು ಒಂದರ ಅಂಚನ್ನು ಇನ್ನೊಂದರ ಅಂಚಿಗೆ ಕೊಕ್ಕೆ ಹಾಕಿ ಮಡಚಿದ. ಮೊಳದುದ್ದದ, ಗಜದುದ್ದದ ಪಟ್ಟಿಗಳು ತಯಾರಾದವು. ಪಟ್ಟಿಗೊಂದೇ ಪೆಟ್ಟು, ಕೊನೆಯಲ್ಲಿ. ಅಡುಗೆಮನೆಯಲ್ಲಿ ಹೆಂಡತಿ ಸೌಟಿನಿಂದ ಪಾತ್ರೆಯ ಅಂಚಿಗೆ ಅದೇ ಪೆಟ್ಟು ಹಾಕತೊಡಗಿದಳು. ಗಡಿಯಾರ ರಿಪೇರಿಯವನು ದಿನಾ ಹೊರಡುವಾಗ "ಬೋಂಝೂರ್" ಎಂದು ಕೂಗಿ, "ಝೂರ್" ಬಂದಾಗ ಬಾಗಿಲು ದಬ್ಬುತ್ತಿದ್ದ. ಅದು ಬಂದಾಗ ಹೇಳುವ ನಮಸ್ಕಾರ, ಹೋಗುವಾಗ ಹೇಳುವ ಮಾತಲ್ಲ ಎಂದು ಮಗಳು ಎಷ್ಟು ಸಲ ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಗಳ ಜೊತೆ ಹೊರಟ. ಊಟದ ಡಬ್ಬವನ್ನು ತಾನೇ ಹಿಡಿದುಕೊಂಡ. ಪರೀಕ್ಷೆ ನಡೆಯುವ ಕಟ್ಟಡದಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಗೋಡೆಯ ಮೇಲೆ "ಸದ್ದು ಮಾಡಬಾರದು" ಎಂದು ಬರೆದಿತ್ತು. ಅದು ತನಗೇ ಬರೆದದ್ದು ಎನಿಸಿ ಮೇಸ್ತ್ರಿ ತುದಿಗಾಲಲ್ಲಿ ನಡೆದ. ಮಗಳು ಒಳಗೆ ಹೋದಳು. ಅವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಒಳಗಿನಿಂದ ಪರೀಕ್ಷಕಿಯ ದನಿ ಕೇಳಿತು, ಕಾಗದ ಸರಿದ ಸದ್ದು ಕೇಳಿತು. ಆಮೇಲೆ ಮಗಳ ದನಿ.

ತಲೆಯ ಮೇಲೆ ಪೆಟ್ಟು. ಬಾಲವಿಲ್ಲ.

ಎರಡನೆಯ ಮಾತೂ ಹಾಗೆಯೇ. ಅಷ್ಟು ಮೌನದ ಕೋಣೆಯಲ್ಲಿ ಭಯಪಟ್ಟ ಹುಡುಗಿ ಮತ್ತೆ ತಗಡಿನ ಗೋಡೆಯ ಹಿಂದೆ ಹೋಗಿ ನಿಂತಿದ್ದಳು. ಮೇಸ್ತ್ರಿಯ ಬಲಗೈ ತಾನಾಗಿ ಎದ್ದು ಊಟದ ಡಬ್ಬದ ಮುಚ್ಚಳದ ಮೇಲೆ ನಿಂತಿತು. ಟಿಕ್, ಟಿಕ್, ಠಣ್, ಅಷ್ಟೇ ಸಾಕು. ಬಾಗಿಲು ದಪ್ಪವಿರಲಿಲ್ಲ, ಅವಳಿಗೆ ಕೇಳಿಸುತ್ತಿತ್ತು. ಮೇಸ್ತ್ರಿ ಗೋಡೆಯ ಮೇಲಿನ ಅಕ್ಷರ ನೋಡಿದ, ಕೈ ನೋಡಿಕೊಂಡ. ಸದ್ದು ಕೇಳಿ ಪರೀಕ್ಷಕಿ ಹೊರಗೆ ಬಂದರೆ ಮೂರನೆಯ ಅವಕಾಶವೂ ತನ್ನ ಪೆಟ್ಟಿಗೇ ಹೋಯಿತು. ಬದುಕಿನಲ್ಲಿ ಎತ್ತಿದ ಕೈಯನ್ನು ಹೊಡೆಯದೆ ಇಳಿಸಿ ಗೊತ್ತಿಲ್ಲದ ಮನುಷ್ಯ, ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದ. ಬೆವರು ಹಣೆಯಿಂದ ಮೂಗಿಗೆ ಬಂತು. ಒರೆಸಿಕೊಳ್ಳಲಿಲ್ಲ.

ಒಳಗೆ ಮಗಳೂ ಓದುವುದನ್ನು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ, ಚಪ್ಪಲಿಯ ಹಿಮ್ಮಡಿ ನೆಲಕ್ಕೆ ತಾಗಿದ ಸದ್ದು. ಟಿಕ್, ಟಿಕ್, ಟಿಕ್, ಟಕ್. ಮತ್ತೊಮ್ಮೆ. ಅದರ ಬೆನ್ನಿಗೆ ದನಿ ಬಂತು, ಸಮನಾಗಿ, ಒಂದೊಂದೇ ತುಂಡು ಸಾಲಿನಲ್ಲಿ ನಡೆದು ಬಂದ ಹಾಗೆ, ಕೊನೆಯಲ್ಲಿ ಸ್ವಲ್ಪ ಎಳೆದು ನಿಂತು. ಮುಂದಿನ ಸಾಲು. ಅದರ ಮುಂದಿನದು. ಒಂದು ಪುಟ ಪೂರ್ತಿ. ಮೇಸ್ತ್ರಿಗೆ ಒಂದು ಪದದ ಅರ್ಥವೂ ತಿಳಿಯಲಿಲ್ಲ. ಆದರೆ ಪ್ರತಿಯೊಂದರ ಕೊನೆಯೂ ಕೇಳಿಸಿತು. ಮಗಳ ದನಿ ಮಾತಿನ ಕೊನೆಯಲ್ಲಿ ಇಷ್ಟು ಮೆತ್ತಗಿರುತ್ತದೆ ಎಂದು ಅವನಿಗೆ ಇಪ್ಪತ್ಮೂರು ವರ್ಷ ಗೊತ್ತಿರಲಿಲ್ಲ. ಅಲ್ಲಿ ಕೂತವನಿಗೆ ಕಣ್ಣು ತುಂಬಿ ಬಂತು, ಎತ್ತಿದ ಕೈಯಿಂದಲೇ ಒರೆಸಿಕೊಂಡ.

ಅವಳು ಹೊರಗೆ ಬಂದು ಪಕ್ಕದಲ್ಲಿ ಕೂತಳು. ಮುಖದಲ್ಲಿ ಬಣ್ಣ ಮರಳಿತ್ತು.

"ಚೆನ್ನಾಗಿ ಓದ್ದೆ," ಎಂದ ಮೇಸ್ತ್ರಿ. "ಮೊದಲೆರಡು ಸಲಾನೂ ನಾನು ಬಂದಿದ್ರೆ ಧೈರ್ಯ ಇರ್ತಿತ್ತೇನೋ. ಒಂದ್ಮಾತು ಯಾಕೆ ಕರೀಲಿಲ್ಲ ನೀನು?"

ಮಗಳು ಡಬ್ಬದ ಮುಚ್ಚಳ ತೆರೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಕರೆದಿದ್ದೆ ಅಪ್ಪ," ಎಂದಳು. "ಎರಡೂ ಸಲ. ನೀನು ಹೂಂ ಅಂದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದೆ. ಆಮೇಲೆ ಹೋದೆ."

ಅವಳು ಡಬ್ಬದಿಂದ ಮೊದಲ ತುತ್ತನ್ನು ಅವನ ಕಡೆಗೇ ಚಾಚಿದಳು. ಅವನು ತಿಂದ.

ಹತ್ತು ದಿನಕ್ಕೆ ಫಲಿತಾಂಶ ಬಂತು. ನೂರಕ್ಕೆ ಎಪ್ಪತ್ನಾಲ್ಕು. ಜೊತೆಗೆ ಪರೀಕ್ಷಕಿಯ ಚೀಟಿ: "ಒತ್ತು ಸರಿಯಾದ ಜಾಗದಲ್ಲಿದೆ. ಓದುವಾಗ ಅಭ್ಯರ್ಥಿಯು ನೆಲವನ್ನು ಒದೆಯುವುದು ಯಾಕೆಂದು ತಿಳಿಯಲಿಲ್ಲ." ಮೇಸ್ತ್ರಿ ಆ ಚೀಟಿಯನ್ನು ಮಡಚಿ, ತಾನೇ ಮಾಡಿದ ಒಂದು ಪುಟ್ಟ ಡಬ್ಬದಲ್ಲಿ ಹಾಕಿ ಮುಚ್ಚಳಕ್ಕೆ ಬೆಸುಗೆ ಹಾಕಿಸಿಬಿಟ್ಟ. ಇನ್ನು ಅದನ್ನು ಓದಬೇಕೆಂದರೆ ಕತ್ತರಿ ಬೇಕು.

ಮರುದಿನ ಬೆಳಿಗ್ಗೆ ಅವನು ಮನೆಯವರನ್ನೆಲ್ಲ ಅಂಗಡಿಗೆ ಕರೆದು ಹೊಸ ಕಾನೂನು ಹೇಳಿದ. ಇನ್ನುಮುಂದೆ ಯಾರಾದರೂ ಬಾಯಿ ತೆರೆದರೆ ಸುತ್ತಿಗೆ ಎತ್ತಿದಲ್ಲೇ ನಿಲ್ಲುತ್ತದೆ. ಮಾತು ಮುಗಿದ ಮೇಲೆಯೇ ಇಳಿಯುತ್ತದೆ. ಇಷ್ಟು ಹೇಳಿ ದಿಮ್ಮಿಯ ಮುಂದೆ ಕೂತು ಸುತ್ತಿಗೆ ಎತ್ತಿದ.

ಹೂಂ ಮಾಮ ಕೆಮ್ಮಿದ.

ಎಲ್ಲರೂ ಅವನತ್ತ ತಿರುಗಿದರು. ಸುತ್ತಿಗೆ ಗಾಳಿಯಲ್ಲಿ ನಿಂತಿತು.

"ಭಾವ," ಎಂದ ಹೂಂ ಮಾಮ. ಅವನ ದನಿ ಇಷ್ಟು ತೆಳ್ಳಗಿದೆ ಎಂದು ಯಾರೂ ಊಹಿಸಿರಲಿಲ್ಲ. "ನಂಗೆ ಈ ತಗಡಿನ ಕೆಲ್ಸ ಬೇಕಿರ್ಲಿಲ್ಲ. ಬಂದ ದಿನ ಬಾಗಿಲಲ್ಲಿ ನಿಂತು ನಾ ಹೇಳಿದ್ದೇ ಬೇರೆ. ಅಕ್ಕನ್ನ ನೋಡ್ಕೊಂಡು ಸಂಜೆ ಬಸ್ಸಿಗೆ ವಾಪಸ್ ಹೋಗೋಣ ಅಂತ ಬಂದಿದ್ದು. ನೀವು ಕತ್ತರಿ ಕೊಟ್ರಿ."

ಪಕ್ಕದ ಅಂಗಡಿಯ ಗಡಿಯಾರಗಳೆಲ್ಲ ಬೇರೆ ಬೇರೆಯಾಗಿ ಕೇಳಿಸಿದವು.

"ಹನ್ನೊಂದು ವರ್ಷ," ಎಂದ ಮೇಸ್ತ್ರಿ ಕೊನೆಗೆ. "ಮತ್ತೆ ಈಗ? ಹೋಗ್ತೀಯಾ?"

"ಈಗ ಎಲ್ಲಿಗೆ ಹೋಗ್ಲಿ," ಎಂದು ಹೂಂ ಮಾಮ ಕತ್ತರಿ ಎತ್ತಿಕೊಂಡ. "ಗೆರೆ ಎಳೀರಿ. ಸುಮ್ನೆ ಹೇಳಿದ್ದು."

ಮಗಳು ನಗು ತಡೆಯಲಾರದೆ ಬಾಗಿಲ ಕಡೆ ನಡೆದಳು. ಅಂದು ಅವಳು ಮೊದಲ ಸಲ ಮ್ಯೂಸಿಯಂನ ಒಳಗೆ ನಿಂತು ಮಾತಾಡುವ ದಿನ. ಹೊಸ್ತಿಲಲ್ಲಿ ತಿರುಗಿ, "ಅಪ್ಪ, ಮಧ್ಯಾಹ್ನ ಬಾ, ಮೂರನೇ ಕೋಣೇಲಿ ಇರ್ತೀನಿ," ಎಂದಳು. ಒಂದಕ್ಷರವೂ ಬೀಳದೆ ಪೂರ್ತಿ ಬಂತು. ಮೇಸ್ತ್ರಿ ಹೂಂ ಎನ್ನಲು ಹೋದವನು ತಡೆದುಕೊಂಡು, "ಮೂರನೇ ಕೋಣೆ. ಬರ್ತೀನಿ," ಎಂದ.

ಅಷ್ಟರಲ್ಲಿ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಅವನ ಎದುರಿಗೆ ಮಣೆ ಹಾಕಿಕೊಂಡು ಕೂತಳು.

"ರೀ," ಎಂದಳು. "ಮದುವೆಯಾದ ಎರಡ್ನೇ ದಿನ ನಾನೊಂದು ಮಾತು ಶುರು ಮಾಡಿದ್ದೆ."

ಮೇಸ್ತ್ರಿ ಒಮ್ಮೆ ಎತ್ತಿದ ಕೈಯನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಆಮೇಲೆ ಸುತ್ತಿಗೆಯನ್ನು ಕೆಳಗಿಟ್ಟು, ಕಾಲು ಚಾಚಿ ಗೋಡೆಗೆ ಒರಗಿ ಕೂತ.

"ಹೇಳು," ಎಂದ.